ದೊರೆಯ ಪಿಸ್ತೂಲು, ದೊರೆಸಾನಿಯ ಮಿಶನ್ನು

ಬೇರೆಯವರ ಕೊಡೆ ಹಿಡಿದು ನಿಲ್ಲುವುದಕ್ಕೆಂದೇ ಕೆಲವರು ಹುಟ್ಟಿರುತ್ತಾರೆ. ಅಂಥವರಲ್ಲಿ ನಾನು ಅಗ್ರಗಣ್ಯ. ಒಂದಲ್ಲ ಎರಡಲ್ಲ, ಸತತವಾಗಿ ನಾಲ್ಕು ವರ್ಷ ಕೈಲ್ ಮುಹೂರ್ತದ ದಿನ ನನ್ನ ಗೆಳೆಯ ಪದ್ಮಯ್ಯನ ಊರಿನ ಬಯಲಿನಲ್ಲಿ ಹನ್ನೊಂದು ಕೊಡೆಗಳನ್ನು ಹಿಡಿದು ನಿಂತಿದ್ದೇನೆ. (ಬಿಚ್ಚಿದ್ದು ಒಂದು, ಮಡಚಿದ್ದು ಹತ್ತು. ಹನ್ನೊಂದನ್ನೂ ಬಿಚ್ಚಿದ್ದರೆ ಹಾರಿಹೋಗುತ್ತಿದ್ದೆ.)

ವಿಷಯ ಇಷ್ಟೇ. ಗದ್ದೆ ನಾಟಿ ಮುಗಿದ ಮೇಲೆ, ಸೆಪ್ಟೆಂಬರಿನಲ್ಲಿ, ನಮ್ಮ ಕೊಡಗಿನಲ್ಲಿ ಈ ಆಯುಧಗಳ ಹಬ್ಬ ಬರುತ್ತದೆ. ಮನೆಮನೆಯ ಕೋವಿ ಕತ್ತಿಗಳನ್ನು ಎರಡು ದಿನ ಮುಂಚೆಯೇ ದೇವರ ಕೋಣೆಯಲ್ಲಿ ಇಡುತ್ತಾರೆ. ಆಮೇಲೆ ಪೂಜೆ ಆಗುವ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ಪೂಜೆ, ಊಟ ಮುಗಿಸಿ ಮಧ್ಯಾಹ್ನ ಎಲ್ಲರೂ ಬಯಲಿಗೆ ಹೋಗಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಮಳೆ ಅಷ್ಟರಲ್ಲಿ ಹೋಗಿರಬೇಕು. ಆದರೆ ನಮ್ಮ ಕಡೆಯ ಮಳೆ, ಹೊರಟೆ ಎಂದು ಹೇಳಿ ಬಾಗಿಲಲ್ಲೇ ನಿಂತು ಮಾತಾಡುವ ನೆಂಟರ ಹಾಗೆ. ಕೋವಿ ಹಿಡಿದವನಿಗೆ ಕೊಡೆ ಹಿಡಿಯಲು ಮೂರನೆಯ ಕೈ ಎಲ್ಲಿಂದ ಬರಬೇಕು? ಕೋವಿಯಿಲ್ಲದೆ ನಿಂತವನು ನಾನೊಬ್ಬನೇ. "ಶಾಂತಪ್ಪನವ್ರೆ, ಇದ್ನ ಒಂದ್ ಗಳಿಗೆ ಹಿಡ್ಕಣಿ" ಎಂದು ಒಬ್ಬೊಬ್ಬರಾಗಿ ಕೊಟ್ಟುಹೋಗುತ್ತಿದ್ದರು. ಗಳಿಗೆ ಎಂದರೆ ಸಂಜೆಯವರೆಗೆ.

ನಾನು ಸೋಮವಾರಪೇಟೆಯ ಏಲಕ್ಕಿ ವ್ಯಾಪಾರಿ. ಲಿಂಗ ಕಟ್ಟಿದ ಮನೆ. ನಮ್ಮ ವಂಶದಲ್ಲಿ ಯಾರೂ ಸೊಳ್ಳೆಗಿಂತ ದೊಡ್ಡ ಪ್ರಾಣಿಯನ್ನು ಕೊಂದ ದಾಖಲೆಯಿಲ್ಲ. ಪದ್ಮಯ್ಯ ಮಾದಾಪುರದ ಆಚೆಯವನು, ನನಗೆ ಏಲಕ್ಕಿ ಹಾಕುವ ಜಮ್ಮಾ ಜಮೀನಿನ ಗೌಡ. ರಾಜರ ಕಾಲದಿಂದ ಬಂದ ಆ ಜಮೀನಿನ ಹಕ್ಕಿನಿಂದಾಗಿ ಅವನ ಕೋವಿಗೆ ಲೈಸೆನ್ಸಿನ ಹಂಗೂ ಇಲ್ಲ. ನನಗೋ, ಕೊಡೆಗೆ ಲೈಸೆನ್ಸ್ ಬೇಡ ಎನ್ನುವುದೊಂದೇ ಸಮಾಧಾನವಾಗಿತ್ತು. ಜೀವನದಲ್ಲಿ ಒಂದೇ ಒಂದು ಸಲ ಆ ಬಯಲಿನಲ್ಲಿ ನನ್ನ ಕೊಡೆಯನ್ನು ಬೇರೆ ಯಾರಾದರೂ ಹಿಡಿಯಬೇಕು, ನಾನು ಮುಂದೆ ಹೋಗಿ ಗುಂಡು ಹೊಡೆಯಬೇಕು ಎಂದು ನನಗೆ ಆಸೆ. ತೆಂಗಿನಕಾಯಿ ನೋಡಿ, ಅದೊಂದೇ ಸಸ್ಯಾಹಾರಿಗೆ ಸಲ್ಲುವ ಬೇಟೆ.

ಮಡಿಕೇರಿಯಲ್ಲಿ ನಮ್ಮ ಪುಟ್ಟ ಕೊಡಗು ರಾಜ್ಯದ ಅಸೆಂಬ್ಲಿ ಶುರುವಾದ ಮರುವರ್ಷ, ಹತ್ತಿರದ ಎಸ್ಟೇಟಿನ ಬಿಳಿ ದೊರೆಯೊಬ್ಬ ತೋಟ ಮಾರಿ ಕಡಲಾಚೆಯ ತನ್ನ ಸೀಮೆಗೆ ಹೊರಟ. ಬಂಗಲೆಯ ಸಾಮಾನೆಲ್ಲ ಹರಾಜು. ನನ್ನ ಹೆಂಡತಿ ಸುಲೋಚನಮ್ಮ ಹಿಂದಿನ ದಿನವೇ ನನಗೆ ಪಾಠ ಹೇಳಿ ಕಳಿಸಿದ್ದಳು.

"ದೊರೆಸಾನಿ ಹೊಲಿಗೆ ಮಿಶನ್ ಇದೆಯಂತೆ. ಅದೊಂದನ್ನ ತಗೊಂಡ್ ಬನ್ನಿ. ಬೇರೆ ಯಾವುದನ್ನೂ ಕಣ್ಣೆತ್ತಿ ನೋಡ್ಬೇಡಿ."

ಮಿಶನ್ನು ತಂದೆ. ಅದರ ಜೊತೆಗೆ ಒಂದು ಪಿಸ್ತೂಲನ್ನೂ ತಂದೆ. (ಕಣ್ಣೆತ್ತಿ ನೋಡಲಿಲ್ಲ, ಅದು ಮೇಜಿನ ಮೇಲೆ, ಕಣ್ಣಿಗಿಂತ ಕೆಳಗೇ ಇತ್ತು.) ಹರಾಜಿನವನು ಎಲ್ಲರ ಮುಂದೆ ಅದರಿಂದ ಆಕಾಶಕ್ಕೆ ಒಂದು ಗುಂಡು ಹಾರಿಸಿ ತೋರಿಸಿದ್ದ. ಅದು ಆ ಪಿಸ್ತೂಲು ಸ್ವಂತ ಬಲದಿಂದ ಹಾರಿಸಿದ ಕೊನೆಯ ಗುಂಡು ಎಂದು ಆಗ ನನಗೆ ತಿಳಿಯಲಿಲ್ಲ. ಎಂಟು ತೋಟಾಗಳ ಪೆಟ್ಟಿಗೆಯಲ್ಲಿ ಏಳು ಉಳಿದಿದ್ದವು.

"ಏನ್ರೀ ಇದು?" ಎಂದಳು ಸುಲೋಚನಮ್ಮ.

"ಸ್ವಂತ ರಕ್ಷಣೆಗೆ. ಏಲಕ್ಕಿ ಮೂಟೆ ಹಾಕ್ಕೊಂಡು ಘಾಟಿ ರಸ್ತೆಲಿ ಓಡಾಡೋನು ನಾನು."

"ಕೊರಳಲ್ಲಿ ಲಿಂಗ, ಸೊಂಟದಲ್ಲಿ ಪಿಸ್ತೂಲು. ಅಲ್ಲ, ಏನ್ ಹೊಡೀತೀರಿ ಇದ್ರಲ್ಲಿ? ಬದನೆಕಾಯಿನ?"

ತೆಂಗಿನಕಾಯಿ ಎಂದು ಹೇಳುವ ಧೈರ್ಯವಾಗಲಿಲ್ಲ.

ಲೈಸೆನ್ಸ್ ಬರುವವರೆಗೆ ಪಿಸ್ತೂಲು ಪೊಲೀಸ್ ಠಾಣೆಯಲ್ಲಿತ್ತು. ಆ ಮೂರು ತಿಂಗಳು ನಮ್ಮ ಸಂಸಾರದ ಸುವರ್ಣಯುಗ. ಏಪ್ರಿಲಿನಲ್ಲಿ ಲೈಸೆನ್ಸ್ ಬಂತು, ಪಿಸ್ತೂಲು ಮನೆಗೆ ಬಂತು, ಏಲಕ್ಕಿ ಕಣದ ಹಿಂದೆ ಹೋಗಿ ಅದರ ಕುದುರೆಗೆ ಬೆರಳಿಟ್ಟು ಒತ್ತಿದೆ. ಟಕ್. ಮತ್ತೆ ಒತ್ತಿದೆ. ಆ ಟಕ್ಕೂ ಇಲ್ಲ. ಅಲ್ಲಾಡಿಸಿದೆ. ಒಳಗೆ ಏನೋ ಮುರಿದ ಬಳೆಯಂತೆ ಗಲಗಲ ಎಂದಿತು.

ಪದ್ಮಯ್ಯ ಲಡಾಯಿಯ ಕಾಲದಲ್ಲಿ ಫೌಜಿನಲ್ಲಿ ಕೋವಿ ರಿಪೇರಿ ಮಾಡುತ್ತಿದ್ದವನು. ಅವನ ಬಳಿಗೆ ಒಯ್ದೆ. ಅವನು ಅದನ್ನು ಬಿಚ್ಚಿ ಗೋಣಿಚೀಲದ ಮೇಲೆ ಹರಡಿ, ಬಹಳ ಹೊತ್ತು ಸುಮ್ಮನೆ ನೋಡಿದ. ಪಂಡಿತರು ನಾಡಿ ಹಿಡಿದು ಮಾತಾಡದಿದ್ದರೆ ರೋಗಿಯ ಕಡೆಯವರಿಗೆ ಹೇಗಾಗುತ್ತದೆಯೋ ನನಗೆ ಹಾಗಾಯಿತು.

"ಜೀವ ಉಟ್ಟು ಶಾಂತಪ್ಪನವ್ರೆ," ಎಂದ ಕೊನೆಗೆ. (ಅವರ ಮಾತಿನಲ್ಲಿ ಉಟ್ಟು ಎಂದರೆ ಉಂಟು.) "ಆದ್ರೆ ಪಾರ್ಟ್ ಇಲ್ಲೆ. ಇದು ಹಳೇ ಮಾಡಲು. ಕಂಪನಿಯವ್ರು ಮಾಡೋದನ್ನ ಯಾವಾಗ್ಲೋ ಬಿಟ್ಟಿರ್ಬೇಕು."

"ಕಂಪನಿಗೇ ಬರೀತೀನಿ."

ಬರೆದೆ. ನಮ್ಮ ಊರಿನ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟರಿಂದ ಬರೆಸಿದೆ. ಅದರಲ್ಲಿ ನನ್ನನ್ನು 'ಕೊಡಗು ರಾಜ್ಯದ ಪ್ರಮುಖ ಶಿಕಾರಿ' ಎಂದು ವರ್ಣಿಸಲಾಗಿತ್ತು. ಜುಲೈನಲ್ಲಿ ಸೀಮೆಯಿಂದ ದಪ್ಪ ಲಕೋಟೆ ಬಂತು. ತಾವು ಆ ಪಿಸ್ತೂಲು ಮಾಡುವುದನ್ನು ನಿಲ್ಲಿಸಿ ಮೂವತ್ತು ವರ್ಷವಾಯಿತು, ಬಿಡಿಭಾಗಗಳಿಲ್ಲ, ಈಗ ತಾವು ಹುಲ್ಲು ಕತ್ತರಿಸುವ ಯಂತ್ರಗಳನ್ನು ಮಾಡುತ್ತೇವೆ, ಕ್ಯಾಟಲಾಗು ಲಗತ್ತಿಸಿದೆ, ಮಾನ್ಯ ಶಿಕಾರಿಯವರು ಕೃಪೆ ತೋರಬೇಕು ಎಂದಿತ್ತು. ಸುಲೋಚನಮ್ಮ ಆ ಕ್ಯಾಟಲಾಗನ್ನು ಬಹಳ ಸಂತೋಷದಿಂದ ತೆಗೆದುಕೊಂಡಳು. ದಪ್ಪ ಕಾಗದ, ರವಿಕೆಯ ಅಳತೆ ಕತ್ತರಿಸಲು ಅದಕ್ಕಿಂತ ಒಳ್ಳೆಯದು ಸಿಕ್ಕುವುದಿಲ್ಲವಂತೆ.

ಸೀಮೆ ಕೈಬಿಟ್ಟ ಮೇಲೆ ನಾವು ಸ್ವದೇಶಿಗೆ ಇಳಿದೆವು. ಸವೆದುಹೋಗಿದ್ದ ಕೊಕ್ಕೆಗೆ ನನ್ನ ಕೊಡೆಯ ಕಡ್ಡಿ ಒಂದನ್ನು ಮುರಿದು ಕೊಟ್ಟೆ. ತೋಟಾಕ್ಕೆ ಕುಟ್ಟುವ ಮೊಳೆ ಮೊಂಡಾಗಿತ್ತು. ಅಂಗಡಿಯಲ್ಲಿ ಗೋಣಿ ಹೊಲಿಯುವ ದಬ್ಬಳದ ತುದಿಯನ್ನು ಪದ್ಮಯ್ಯ ಅರದಿಂದ ಉಜ್ಜಿ ಕೂರಿಸಿದ. ಹಿಡಿಯ ಮೇಲಿನ ಬಿಲ್ಲೆ ಒಡೆದಿತ್ತು; ಅಲ್ಲಿಗೆ ನಮ್ಮ ಮನೆಯ ಕೊಂಬಿನ ಬಾಚಣಿಗೆ ಹೋಯಿತು. ಹೀಗೆ ಆ ವಿಲಾಯಿತಿ ಆಯುಧ ದಿನೇ ದಿನೇ ನಮ್ಮ ಮನೆಯ ಸದಸ್ಯನಂತೆ ಆಗುತ್ತ ಬಂತು. ಇನ್ನು ಉಳಿದದ್ದು ಒಂದೇ, ಗಲಗಲ ಎನ್ನುತ್ತಿದ್ದ ಸ್ಪ್ರಿಂಗು.

"ಇದು ಮೂರು ತುಂಡಾಗ್ಯುಟ್ಟು," ಎಂದ ಪದ್ಮಯ್ಯ. "ಇಷ್ಟುದ್ದ, ಕಿರುಬೆರಳಿಗಿಂತ ಸಣ್ಣ, ಗಟ್ಟಿ ಸ್ಪ್ರಿಂಗು ಬೇಕು. ಅದಿಲ್ಲೆ ಅಂದ್ರೆ ತೋಟಾ ಒಳಗೆ ಹೋಗಿ ಕೂರೋದಿಲ್ಲೆ. ಉಳಿದದ್ದೆಲ್ಲ ಇದ್ದೂ ಎಂತ ಪ್ರಯೋಜನ?"

ಅಂಥ ಸ್ಪ್ರಿಂಗನ್ನು ನಾನು ಎಲ್ಲೋ ನೋಡಿದ್ದೆ. ಎಲ್ಲಿ ಎಂದು ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಮನೆಯ ಮೆಟ್ಟಿಲು ಹತ್ತುವಾಗ ಟರ್ ಟರ್ ಎಂಬ ಸದ್ದು ಕೇಳಿ ನೆನಪಾಯಿತು.

ಹೊಲಿಗೆ ಮಿಶನ್ನಿನಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಒಂದು ಪಾದ ಇರುತ್ತದೆ. ಅದರ ಮೇಲಿನ ಕಂಬಿಯ ಸುತ್ತ, ಕಿರುಬೆರಳಿಗಿಂತ ಸಣ್ಣದಾದ, ಗಟ್ಟಿಯಾದ ಒಂದು ಸ್ಪ್ರಿಂಗು ಇರುತ್ತದೆ. ಮರುದಿನ ಸುಲೋಚನಮ್ಮ ಸೋಮವಾರದ ಸಂತೆಗೆ ಹೋದಾಗ ಅದನ್ನು ಬಿಚ್ಚಿದೆ. ಕದ್ದೆ ಎನ್ನಬೇಡಿ. ಮಿಶನ್ನಿಗೆ ಬೇರೆ ಸ್ಪ್ರಿಂಗು ಮೈಸೂರಿನಿಂದ ತರಿಸಿ, ಅವಳಿಗೆ ತಿಳಿಯುವ ಮುಂಚೆ ಹಾಕಿಬಿಡುವ ಪ್ರಾಮಾಣಿಕ ಉದ್ದೇಶ ನನಗಿತ್ತು. ಆ ದಿನವೇ ಮೈಸೂರಿನ ಅಂಗಡಿಗೆ ಕಾರ್ಡು ಬರೆದೆ. ಎಂಟು ದಿನಕ್ಕೆ ಉತ್ತರ ಬಂತು: ತಾವು ಕೇಳಿದ ಮಿಶನ್ನಿನ ಮಾದರಿ ನಿಂತುಹೋಗಿ ಮೂವತ್ತು ವರ್ಷವಾಯಿತು, ಬಿಡಿಭಾಗಗಳಿಲ್ಲ.

ದೊರೆ ಮತ್ತು ದೊರೆಸಾನಿ ಒಂದೇ ಕಾಲದ ಸಾಮಾನು ಇಟ್ಟುಕೊಂಡಿದ್ದರು ಎನ್ನುವುದು ನನಗೆ ಹೊಳೆಯಬೇಕಾಗಿತ್ತು.

ಅಷ್ಟರಲ್ಲಿ ಸ್ಪ್ರಿಂಗು ಪಿಸ್ತೂಲಿನಲ್ಲಿ ಕೂತಾಗಿತ್ತು. "ಎಲ್ಲಿ ಸಿಕ್ತು?" ಎಂದು ಪದ್ಮಯ್ಯ ಕೇಳಿದ್ದಕ್ಕೆ "ಗುಜರಿಲಿ" ಎಂದಿದ್ದೆ. ಅವನ ಗದ್ದೆಯ ಬದುವಿನ ಮೇಲೆ ನಿಂತು ಪರೀಕ್ಷೆ ಮಾಡಿದೆವು. ಢಂ ಎಂದಿತು ನೋಡಿ, ನನ್ನ ಮೈಯಲ್ಲಿ ರೋಮಾಂಚನ. ಎದುರಿನ ಬಾಳೆಯ ಎಲೆಯಲ್ಲಿ ತೂತು. (ಗುರಿಯಿಟ್ಟಿದ್ದು ಅದರ ಪಕ್ಕದ ಬಂಡೆಗೆ. ಇರಲಿ.) ಆ ಸಂತೋಷದಲ್ಲಿ ಅಲ್ಲಿದ್ದ ನಾಲ್ಕಾರು ಜನರ ಮುಂದೆ ಘೋಷಿಸಿಯೇಬಿಟ್ಟೆ: "ಈ ಸಲ ಕೈಲ್ ಮುಹೂರ್ತಕ್ಕೆ ನಿಮ್ಮ ಕೊಡೆಗಳಿಗೆ ಬೇರೆ ಯಾರನ್ನಾದರೂ ನೋಡ್ಕೊಳಿ. ನಾನು ಹೊಡೆಯೋರ ಸಾಲಲ್ಲಿ ನಿಲ್ತೀನಿ." ಸುದ್ದಿ ನನಗಿಂತ ಮುಂಚೆ ಸೋಮವಾರಪೇಟೆಗೆ ತಲುಪಿತ್ತು.

ಮನೆಯಲ್ಲಿ ಬೇರೆ ಕಥೆ ನಡೆಯುತ್ತಿತ್ತು. ಪದ್ಮಯ್ಯನ ಹೆಂಡತಿ ಪ್ರೇಮಾವತಿ ಹಬ್ಬಕ್ಕೆ ಉಡುವ ರೇಷ್ಮೆ ಸೀರೆಗೆ ಒಂದು ಜಾಕೀಟು ರವಿಕೆ ಹೊಲಿದುಕೊಡು ಎಂದು ಸುಲೋಚನಮ್ಮನಿಗೆ ಬಟ್ಟೆ ಕೊಟ್ಟಿದ್ದಳು. ಹೊರಗಿನವರು ನಂಬಿ ಕೊಟ್ಟ ಮೊದಲ ಬಟ್ಟೆ ಅದು. ಇವಳು ಅದನ್ನು ಎಷ್ಟು ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದ್ದಳೆಂದರೆ, ಅಂಗಡಿಯಲ್ಲಿ ಏಲಕ್ಕಿ ಬಿಡಿಸುವ ಆಳು ಮುದ್ದಿಗೂ ಅದರ ಅಂಚಿನ ಬಣ್ಣ ಗೊತ್ತಿತ್ತು. ಈಗ ಬಟ್ಟೆ ಸೂಜಿಯ ಕೆಳಗೆ ನಿಲ್ಲುತ್ತಿರಲಿಲ್ಲ. ಅತ್ತ ಎಳೆದರೆ ಇತ್ತ, ಇತ್ತ ಎಳೆದರೆ ಅತ್ತ.

"ನೋಡ್ರಿ, ಹೊಲಿಗೆ ಭಾಗಮಂಡಲದ ರಸ್ತೆ ಥರ ಹೋಗ್ತಾ ಇದೆ," ಎಂದಳು. "ಹೋದ ವಾರ ಸರಿಯಾಗೇ ಇತ್ತು. ನನ್ನ ಕೈಗೇ ಏನೋ ಆಗಿದೆ ಅನ್ಸುತ್ತೆ."

"ದಾರ ಸರಿಯಿಲ್ಲವೇನೋ," ಎಂದೆ.

"ಮೂರು ದಾರ ಬದಲಾಯಿಸ್ದೆ. ಮಿಶನ್ನಿಗೆ ವಿಭೂತಿನೂ ಹಚ್ಚಿದೆ. ನಾನು ಯಾಕ್ ಒಪ್ಕೊಂಡ್ನೋ. ಪ್ರೇಮಕ್ಕನಿಗೆ ಏನಂತ ಹೇಳ್ಲಿ?"

ಅವಳು ತನ್ನ ಎರಡು ಕೈಗಳನ್ನೂ ಮುಂದೆ ಚಾಚಿ, ತಿರುಗಿಸಿ ನೋಡಿಕೊಂಡಳು. ನನಗೆ ನಾಚಿಕೆಯಾಯಿತು. ಆಗಲೇ ಹೇಳಿಬಿಡಬೇಕಾಗಿತ್ತು, ಬಾಯಿಯನ್ನೂ ತೆರೆದೆ. ಆದರೆ ಕಣ್ಣಮುಂದೆ ಹನ್ನೊಂದು ಕೊಡೆಗಳು ಬಂದು ನಿಂತವು. "ಎಣ್ಣೆ ಬಿಟ್ಟು ನೋಡು" ಎಂದು ಹೇಳಿ ಅಂಗಡಿಗೆ ಹೋದೆ.

ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಪ್ರಮುಖ ಶಿಕಾರಿ ಎಂದು ಸೀಮೆಯವರೆಗೆ ಹೆಸರು ಹೋದ ಮೇಲೆ ಹಳೆಯ ಕರಿ ಕೋಟಿನಲ್ಲಿ ಬಯಲಿಗೆ ಇಳಿಯುವುದು ಹೇಗೆ? ನಾಲ್ಕು ಜೇಬಿನ ಒಂದು ಖಾಕಿ ಶಿಕಾರಿ ಕೋಟು ಬೇಕೆಂದು ಹಟ ಹಿಡಿದೆ. ಸುಲೋಚನಮ್ಮ ಆ ಸ್ಥಿತಿಯ ಮಿಶನ್ನಿನಲ್ಲೇ ಒಂದು ಕೈಯಲ್ಲಿ ಬಟ್ಟೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ, ಹೇಗೋ ಹೊಲಿದು ಕೊಟ್ಟಳು. ಜೇಬುಗಳು ಒಂದನ್ನೊಂದು ನೋಡುತ್ತಿರಲಿಲ್ಲ. ಆದರೂ ಕನ್ನಡಿಯ ಮುಂದೆ ಹಾಕಿಕೊಂಡು ನಿಂತರೆ ನನಗೇ ನನ್ನ ಭಯವಾಗುವಂತಿತ್ತು.

ಹಬ್ಬಕ್ಕೆ ಮೂರು ದಿನ ಇರುವಾಗ ಪ್ರೇಮಾವತಿ ಅಳತೆ ನೋಡಲು ಬಂದಳು. ಜಾಕೀಟಿನ ಒಂದು ತೋಳು ನೆಲ ನೋಡುತ್ತಿತ್ತು, ಇನ್ನೊಂದು ಮಲ್ಲಳ್ಳಿ ಜಲಪಾತದ ಕಡೆ ಕೈ ತೋರಿಸುತ್ತಿತ್ತು. ಅವಳು ದೊಡ್ಡ ಮನಸ್ಸಿನವಳು. "ಇರ್ಲಿ ಸುಲೋಚನಕ್ಕ, ಸೆರಗು ಹೊದ್ರೆ ಕಾಣುದಿಲ್ಲೆ" ಎಂದಳು. ಆ ಮಾತಿಗೆ ಸುಲೋಚನಮ್ಮ ರಾತ್ರಿ ಊಟ ಮಾಡಲಿಲ್ಲ. ಮರುದಿನ ನಾನು ಪಿಸ್ತೂಲನ್ನು ಪದ್ಮಯ್ಯನ ಮನೆಗೆ ಒಯ್ದು, ಕೋವಿಗಳ ಸಾಲಿನ ಕೊನೆಯಲ್ಲಿ, ದೇವರ ಕೋಣೆಯ ಮೂಲೆಯಲ್ಲಿ ಇಟ್ಟು ಬಂದೆ. ಇನ್ನು ಪೂಜೆಯವರೆಗೆ ಯಾರೂ ಮುಟ್ಟುವಂತಿಲ್ಲ. ಬ್ಯಾಂಕಿನಲ್ಲಿ ಇಟ್ಟಿದ್ದರೂ ಅಷ್ಟು ನಿಶ್ಚಿಂತೆ ಇರುತ್ತಿರಲಿಲ್ಲ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದರೆ ಒಳಗೆ ಟರ್ ಟರ್ ಎಂದು ಒಂದೇ ಸಮನೆ ಸದ್ದು. ಸುಲೋಚನಮ್ಮ ಹಾಡು ಗುನುಗುತ್ತಿದ್ದಳು. ಜಾಕೀಟಿನ ಹೊಲಿಗೆ ದಾರ ಹಿಡಿದು ಗೆರೆ ಎಳೆದಂತೆ ನೇರವಾಗಿ ಬೀಳುತ್ತಿತ್ತು.

"ಸರಿಯಾಯ್ತಾ?" ಎಂದೆ ಬೆರಗಾಗಿ.

"ಸರಿಯಾಯ್ತು. ನಿಮ್ಮ ಕೋಟು ಕೊಡಿ ಇಲ್ಲಿ, ತೋಳಿಗೆ ಇನ್ನೊಂದ್ ಸಲ ಹೊಲಿಗೆ ಹಾಕ್ತೀನಿ."

"ಬೇಡ. ಇಸ್ತ್ರಿ ಮಾಡಿಸಿ ಆಗಿದೆ, ಗೆರೆ ಹಾಳಾಗುತ್ತೆ."

"ಕೊಡಿ ಅಂದ್ನಲ್ಲ."

"ಬೇಡ ಅಂದ್ನಲ್ಲ."

"ನಿಮ್ಮಿಷ್ಟ," ಎಂದಳು. ನಮ್ಮ ಮನೆಯಲ್ಲಿ ಆ ಮಾತು ಬಂದ ದಿನ ಮುನ್ನೆಚ್ಚರಿಕೆ ತೆಗೆದುಕೊಳ್ಳಬೇಕೆಂದು ಹದಿನೆಂಟು ವರ್ಷದ ಅನುಭವದಿಂದ ನನಗೆ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ನಾನು ಬೇರೆಯೇ ಯೋಚನೆಯಲ್ಲಿದ್ದೆ. ಸ್ಪ್ರಿಂಗಿಲ್ಲದೆಯೂ ಮಿಶನ್ನು ಇಷ್ಟು ಚೆನ್ನಾಗಿ ಹೊಲಿಯುತ್ತದೆ ಎಂದಮೇಲೆ, ಆ ಸ್ಪ್ರಿಂಗು ಅಲ್ಲಿ ಮೊದಲಿನಿಂದಲೂ ದಂಡ ಎಂದಾಯಿತಲ್ಲ? ಕದ್ದ ಪಾಪವೂ ಹೋಯಿತು. ಬಸವಣ್ಣನಿಗೆ ಮನಸ್ಸಿನಲ್ಲೇ ಕೈಮುಗಿದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಕೈಲ್ ಮುಹೂರ್ತದ ದಿನ ಪದ್ಮಯ್ಯನ ಮನೆಯಲ್ಲಿ ಪೂಜೆಯಾಯಿತು. ಕೋವಿಗಳಿಗೆಲ್ಲ ಕೆಂಪು ಹಳದಿಯ ತೋಕೆ ಹೂವು, ಗಂಧ. ನನ್ನ ಪಿಸ್ತೂಲಿಗೂ ಒಂದು ಹೂವು. ಹೂವೇ ಪಿಸ್ತೂಲಿಗಿಂತ ದೊಡ್ಡದಾಗಿತ್ತು. ನಮ್ಮಿಬ್ಬರಿಗೆ ಬೇರೆ ಒಲೆಯಲ್ಲಿ ಮಾಡಿದ ಊಟ. ಪ್ರೇಮಾವತಿ ಹೊಸ ಜಾಕೀಟು ತೊಟ್ಟು ಬಡಿಸುತ್ತಿದ್ದಳು. ಬಂದ ಹೆಂಗಸರೆಲ್ಲ ತೋಳು ಮುಟ್ಟಿ, ಹೊಲಿಗೆ ತಿರುಗಿಸಿ ನೋಡಿ, "ಮಡಿಕೇರಿಲಿ ಹೊಲ್ಸಿದ್ದಾ?" ಎಂದು ಕೇಳುತ್ತಿದ್ದರು. ಸುಲೋಚನಮ್ಮ ಎಲೆ ನೋಡಿಕೊಂಡು ನಗುತ್ತಿದ್ದಳು. ಪದ್ಮಯ್ಯ ಮಾತ್ರ ಬೆಳಗಿನಿಂದ ನನ್ನ ಮುಖ ನೋಡುತ್ತಿರಲಿಲ್ಲ. ಗುರಿಯ ಯೋಚನೆಯಲ್ಲಿದ್ದಾನೆ, ನನ್ನೆದುರು ಸೋಲುವ ಹೆದರಿಕೆ ಇರಬಹುದು ಎಂದುಕೊಂಡೆ.

ದೇವರ ಕೋಣೆಯಿಂದ ಆಯುಧವನ್ನು ಹಿರಿಯರು ಕೈಗೆ ಕೊಟ್ಟಾಗ ಕಣ್ಣಿಗೆ ಒತ್ತಿಕೊಂಡು ನೆಟ್ಟಗೆ ಬಯಲಿಗೆ ನಡೆಯಬೇಕು. ಅಲ್ಲಿ ನಿಂತು ಬಿಚ್ಚಿ ನೋಡುವ ಪದ್ಧತಿಯಿಲ್ಲ. ನಾನೂ ನಡೆದೆ. ಬಯಲಿನಲ್ಲಿ ಬೀರ ಎನ್ನುವ ಆಳು ಸಿಲ್ವರ್ ಮರ ಹತ್ತಿ ತೆಂಗಿನಕಾಯಿ ಕಟ್ಟಿ ಇಳಿದ. ಸೋನೆ ಹಿಡಿದಿತ್ತು. ನಾನು ನನ್ನ ಕೊಡೆಯನ್ನು (ಒಂದು ಕಡ್ಡಿ ಪಿಸ್ತೂಲಿಗೆ ಹೋಗಿದ್ದರಿಂದ ಅದು ಒಂದು ಕಡೆ ಜೋತಿತ್ತು) ಗಂಭೀರವಾಗಿ ಬೀರನ ಕೈಗೆ ಕೊಟ್ಟೆ. "ಒಂದು ಗಳಿಗೆ ಹಿಡ್ಕೊ" ಎಂದೆ. ನಾಲ್ಕು ವರ್ಷದಿಂದ ಆ ಮಾತು ಹೇಳಬೇಕೆಂದು ಕಾದಿದ್ದೆ.

ನನ್ನ ಸರದಿ ಬಂತು. ಹೆಂಗಸರ ಗುಂಪಿನಲ್ಲಿ ಸುಲೋಚನಮ್ಮ ನಿಂತಿದ್ದಳು. ನಾನು ಎದೆಯುಬ್ಬಿಸಿ, ಎಡಗೈಯನ್ನು ಬೆನ್ನ ಹಿಂದೆ ಇಟ್ಟು, ಬಲಗೈಯನ್ನು ನಿಧಾನವಾಗಿ ಮೇಲೆತ್ತಿದೆ. ಕಂಕುಳ ಹತ್ತಿರ ಪರ್ ಎಂದಿತು. ಗಮನ ಕೊಡಲಿಲ್ಲ. ಒಂದು ಕಣ್ಣು ಮುಚ್ಚಿ ಕುದುರೆ ಒತ್ತಿದೆ.

ಏನೂ ಆಗಲಿಲ್ಲ. ಟಕ್ ಎಂದೂ ಅನ್ನಲಿಲ್ಲ. ಮತ್ತೆ ಒತ್ತಿದೆ. ಮುದಿ ಹಲ್ಲಿನ ಹಾಗೆ ಕುದುರೆ ಹಿಂದಕ್ಕೂ ಮುಂದಕ್ಕೂ ಸುಮ್ಮನೆ ಅಲ್ಲಾಡಿತು. ಸಿಟ್ಟು ಬಂದು ಕೈಯನ್ನು ಜೋರಾಗಿ ಒದರಿದೆ. ಕೊಂಬಿನ ಬಿಲ್ಲೆ ಒಂದು ಕಡೆ ಹಾರಿತು, ತೋಟಾಗಳು ಒಂದೊಂದಾಗಿ ಹುಲ್ಲಿನ ಮೇಲೆ ಉದುರಿದವು. ಕೋಟಿನ ತೋಳು ಭುಜದಿಂದ ಕಳಚಿ, ಬರಬರನೆ ಜಾರಿ ಬಂದು ಪಿಸ್ತೂಲಿನ ಮೇಲೆ ಮುಸುಕಾಗಿ ನಿಂತಿತು. ಬಯಲಿನ ಆ ತುದಿಯಿಂದ ಈ ತುದಿಯವರೆಗೆ ನಗು ಹರಡಿತು. ನಕ್ಕು ನಕ್ಕು ಬೀರ ನನ್ನ ಕೊಡೆಯನ್ನು ಕೆಳಗೆ ಹಾಕಿದ.

ಪದ್ಮಯ್ಯ ಹತ್ತಿರ ಬಂದು ತೋಟಾಗಳನ್ನು ಹೆಕ್ಕಿಕೊಡುತ್ತ ಮೆಲ್ಲಗೆ ಹೇಳಿದ: "ಸಿಟ್ಟು ಮಾಡ್ಬೇಡಿ ಶಾಂತಪ್ಪನವ್ರೆ. ಬಟ್ಟೆ ನಿಲ್ಲುದಿಲ್ಲೆ, ಜಾರ್ತುಟ್ಟು ಅಂತ ಪ್ರೇಮ ಮನೆಗೆ ಬಂದು ಹೇಳಿದಾಗ್ಲೇ ನಿಮ್ಮ ಗುಜರಿ ಯಾವುದು ಅಂತ ನಂಗೆ ಗೊತ್ತಾತು. ಅವಳಿಗೆ ಹೇಳಿಬಿಟ್ಟೆ."

"ಪೂಜೆಗಿಟ್ಟ ಆಯುಧನ ಮುಟ್ಟಿದ್ಯಾ ನೀನು?" ಎಂದೆ. ನನ್ನ ಕೈಯಲ್ಲಿ ಉಳಿದಿದ್ದ ಒಂದೇ ಅಸ್ತ್ರ ಅದು.

"ನಾನೂ ಅದ್ನೇ ಹೇಳ್ದೆ. ಆಯುಧ ಮುಟ್ಬಾರ್ದು ಸರಿ, ಆದ್ರೆ ಸ್ಪ್ರಿಂಗು ಆಯುಧದ್ದಲ್ಲ, ಮಿಶನ್ನಿದ್ದು, ಅದ್ನ ಮಾತ್ರ ಮುಟ್ಟಿ ಅಂದ್ಲು ಪ್ರೇಮ. ಬಿಚ್ಚಿ ಕೊಟ್ಟೆ, ಮರುದಿನ ಬೆಳಿಗ್ಗೆಯೇ ನಿಮ್ಮನೆಗೆ ಕೊಟ್ಟು ಬಂದ್ಲು." ಅವನು ಹೆಂಗಸರ ಕಡೆ ಒಮ್ಮೆ ನೋಡಿ ಧ್ವನಿ ಇನ್ನೂ ತಗ್ಗಿಸಿದ. "ಫೌಜಿಲಿ ಕರ್ನಲ್ ಸಾಹೇಬ್ರ ಎದುರು ಮಾತಾಡಿದವ ನಾನು. ಮನೇಲಿ ಆಗುದಿಲ್ಲೆ."

ಮುಂದಿನ ಸರದಿ ಅವನದೇ. ಕೋವಿ ಎತ್ತಿಕೊಳ್ಳುವ ಮುಂಚೆ ಅಭ್ಯಾಸಬಲದಿಂದ ತನ್ನ ಕೊಡೆಯನ್ನು ನನ್ನ ಕಡೆ ಚಾಚಿದ. ಹಿಡಿದುಕೊಂಡೆ. ಅವನ ಹಿಂದೆ ಉಳಿದ ಹತ್ತೂ ಬಂದವು. ಒಂದೇ ತೋಳಿನ ಕೋಟಿನಲ್ಲಿ ಕೊಡೆ ಹಿಡಿಯುವುದು ಎಷ್ಟು ಸಲೀಸು ಎನ್ನುವುದು ಆ ದಿನ ತಿಳಿಯಿತು.

ಮನೆಗೆ ಬಂದ ಮೇಲೆ ಸುಲೋಚನಮ್ಮ ಬೈಯಲಿಲ್ಲ. ಕೋಟು ಕೇಳಿದಳು, ಕೊಟ್ಟೆ. ಐದು ನಿಮಿಷದಲ್ಲಿ ತೋಳು ಕೂರಿಸಿದಳು.

"ನನ್ನ ಕೈಗೆ ಏನೋ ಆಗಿದೆ ಅಂತ ನಾನು ಅಳೋಹಾಗೆ ಆಗಿದ್ದಾಗ ಸುಮ್ನಿದ್ರಲ್ಲ, ಅದಕ್ಕೆ ನಾನೂ ಸುಮ್ನಿದ್ದೆ," ಎಂದಳು. "ಆದ್ರೂ ಮನಸ್ಸು ತಡೀಲಿಲ್ಲ. ಅದಕ್ಕೇ ಕೋಟು ಕೊಡಿ ಅಂತ ಕೇಳಿದ್ದು. ನೀವು ಇಸ್ತ್ರಿ ಅಂದ್ರಿ."

ತಪ್ಪಾಯಿತು ಎಂದೆ. ನಿಜವಾಗಿಯೂ ತಪ್ಪಾಗಿತ್ತು.

ಆಮೇಲೆ ಸೋಮವಾರಪೇಟೆಯ ಅರ್ಧ ಹೆಂಗಸರು ಅವಳಲ್ಲೇ ಹೊಲಿಸತೊಡಗಿದರು. ಮಿಶನ್ನಿಗೂ ವಯಸ್ಸಾಗಿತ್ತು; ಒಂದು ದಿನ ಒಂದು ತಿರುಪು ಕಳೆಯಿತು, ಇನ್ನೊಂದು ದಿನ ಒಂದು ಕೊಕ್ಕೆ ಸವೆಯಿತು. ಮೈಸೂರಿನಲ್ಲಿ ಬಿಡಿಭಾಗವಿಲ್ಲ ಎನ್ನುವುದು ನನಗೆ ಮೊದಲೇ ಗೊತ್ತಿತ್ತಲ್ಲ. ಪದ್ಮಯ್ಯ ಬಂದು ಪಿಸ್ತೂಲಿನಿಂದ ತಿರುಪು ಬಿಚ್ಚಿ ಮಿಶನ್ನಿಗೆ ಹಾಕಿದ. ಅಳತೆ ಮಾಡಿಸಿದಂತೆ ಕೂತಿತು. ಕೊಡೆಕಡ್ಡಿಯ ಕೊಕ್ಕೆಯೂ ಕೂತಿತು.

ಮರುವರ್ಷ ಲೈಸೆನ್ಸ್ ಮುಂದುವರಿಸಲು ಅರ್ಜಿ ತುಂಬುತ್ತ ಕುಳಿತಿದ್ದೆ. ಆಯುಧದ ಈಗಿನ ಸ್ಥಿತಿ ಎಂದು ಒಂದು ಕಾಲಂ. ಏನು ಬರೆಯಲಿ ಎಂದು ಜೋರಾಗಿಯೇ ಕೇಳಿದೆ.

"ಹೊಲಿಗೆ ಚೆನ್ನಾಗಿ ಬೀಳ್ತಾ ಇದೆ ಅಂತ ಬರೀರಿ," ಎಂದಳು ಸುಲೋಚನಮ್ಮ, ಚಕ್ರ ತಿರುಗಿಸುತ್ತ.

ನಾನು 'ಉತ್ತಮ' ಎಂದಷ್ಟೇ ಬರೆದೆ. ಸುಳ್ಳು ಬರೆದಂತೇನೂ ಆಗಲಿಲ್ಲ.